ಗುದ್ದಿದ್ದು ಟಿಪ್ಪರ್, ಲೆಕ್ಕ ಬಂದದ್ದು ಅಡ್ವಾನ್ಸಿಗೆ

ಚಿಕ್ಕಮಗಳೂರಿನ ನಮ್ಮ ಬಾಡಿಗೆ ಮನೆಯ ಪಕ್ಕದ ಸೈಟಿಗೆ ಎಂ-ಸ್ಯಾಂಡ್ ತಂದ ಟಿಪ್ಪರ್, ರಿವರ್ಸ್ ತೆಗೆಯುವಾಗ ನಮ್ಮ ಗೇಟಿನ ಕಂಬಕ್ಕೆ ಗುದ್ದಿತು. ‘ಮನೆ ನಿಮ್ಮ ಸುಪರ್ದಿಯಲ್ಲಿತ್ತು, ಅಡ್ವಾನ್ಸಿನಲ್ಲಿ ಹಿಡಿದುಕೊಳ್ತೀನಿ’ ಅಂದರು ಓನರ್.

ಆ ಮಾತು ಪೂರ್ತಿ ಬುಡವಿಲ್ಲದ್ದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ‘ಎಂ’ ಖಂಡದ ಪ್ರಕಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು; ಸಹಜ ಸವಕಳಿ ಮತ್ತು ತಡೆಯಲಾಗದ ಶಕ್ತಿಗೆ ಮಾತ್ರ ವಿನಾಯಿತಿ. ಹೊರಗಿನವರು ಮಾಡಿದ ಹಾನಿಯ ಪ್ರಸ್ತಾಪವೇ ಇಲ್ಲ. ಆದರೆ ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಸರಿಪಡಿಸುವ ಹೊಣೆ ಬಾಡಿಗೆದಾರ, ಅವನ ಆಳುಗಳು, ಏಜೆಂಟರ ತಪ್ಪಿಗೆ ಎಂದು ಅದೇ ಖಂಡದ ಕೊನೆಯಲ್ಲಿದೆ. ನಾನು ಹಿಡಿದದ್ದು ಆ ಎಳೆಯನ್ನು. ನಾನೇ ಕರೆಸಿದ ಸಾಮಾನಿನ ಲಾರಿ ಗುದ್ದಿದ್ದರೆ ಈ ವಾದ ನಿಲ್ಲುವುದು ಕಷ್ಟವಿತ್ತು.

ಚಾಲಕ ಎರಡು ಸಾವಿರ ಕೈಗಿಡಲು ಬಂದ. ತೆಗೆದುಕೊಳ್ಳಲಿಲ್ಲ. ಮೊದಲು ಕಾಣುವುದು ಉದುರಿದ ಗಾರೆ ಮಾತ್ರ. ಒಳಗಿನ ಕಂಬಿ ಬಾಗಿದ್ದು, ಕೀಲು ಜಗ್ಗಿದ್ದು ಗೇಟು ಮುಚ್ಚಲು ಹೋದಾಗಲೇ ಗೊತ್ತಾಗುವುದು. ಗಾಡಿ ಕದಲುವ ಮೊದಲೇ ಫೋಟೋ ತೆಗೆದೆ: ನಂಬರ್ ಪ್ಲೇಟೂ ಕಂಬವೂ ಒಟ್ಟಿಗೆ ಬರುವಂತೆ ಒಂದು, ಚಕ್ರದ ಗುರುತಿನದೊಂದು, ಬಿರುಕಿಗೆ ಅಳತೆ ಟೇಪು ಹಿಡಿದು ಒಂದು. ಇನ್ಶೂರೆನ್ಸ್ ಪ್ರತಿಯದೂ. ಅಷ್ಟನ್ನೂ ಆ ಗಂಟೆಯಲ್ಲೇ ಓನರ್‌ಗೆ ವಾಟ್ಸಾಪ್ ಮಾಡಿದೆ. ಫೋನಿನಲ್ಲಿ ಹೇಳಿ ಬಿಟ್ಟರೆ ಮನೆ ಖಾಲಿ ಮಾಡುವ ಹೊತ್ತಿಗೆ ಇಬ್ಬರ ನೆನಪೂ ಬೇರೆಯಾಗಿರುತ್ತದೆ. ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದೆ.

ಬಾಡಿಗೆದಾರರು ಎಡವುವುದು ಇದಾದ ಮೇಲೆ. ಟಿಪ್ಪರಿನ ಥರ್ಡ್ ಪಾರ್ಟಿ ವಿಮೆ ಬೇರೆಯವರ ಆಸ್ತಿ ಹಾನಿಗೂ ಅನ್ವಯಿಸುತ್ತದೆ ನಿಜ, ಆದರೆ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಂತೆ ಪರಿಹಾರಕ್ಕೆ ಮೋಟಾರು ಅಪಘಾತ ಟ್ರಿಬ್ಯೂನಲ್‌ಗೆ (ನ್ಯಾಯಮಂಡಳಿಗೆ) ಅರ್ಜಿ ಹಾಕಬೇಕಾದವರು ಆಸ್ತಿಯ ಮಾಲೀಕರು. 2019ರ ತಿದ್ದುಪಡಿ ಅದಕ್ಕೆ ಆರು ತಿಂಗಳ ಗಡುವನ್ನೂ ಇಟ್ಟಿದೆ. ಹಾಗಾಗಿ ಓನರ್ ಜೊತೆ ಜಗಳಕ್ಕೆ ನಿಲ್ಲದೆ ಕಾಗದಗಳನ್ನೆಲ್ಲ ಜೋಡಿಸಿ ಅವರ ಕೈಗೇ ಕೊಟ್ಟೆ. ಕಂಬಕ್ಕೆ ಗಾರೆ ಮೇಸ್ತ್ರಿಯ ಅಂದಾಜು ಪಟ್ಟಿ ಒಂದು, ಗೇಟಿಗೆ ವೆಲ್ಡಿಂಗ್ ಅಂಗಡಿಯದೊಂದು. ಎರಡನ್ನೂ ಬೇರೆ ಬೇರೆ ಬರೆಸಬೇಕು. ಒಟ್ಟು ಮೊತ್ತ ಬರೆಸಿದರೆ ಹಳೇ ತುಕ್ಕಿನ ರಿಪೇರಿಯೂ ಸೇರಿದೆ ಎಂಬ ತಕರಾರು ಬರುತ್ತದೆ.

ಟ್ರಿಬ್ಯೂನಲ್‌ವರೆಗೆ ಹೋಗಲಿಲ್ಲ. ದೂರಿನ ಪ್ರತಿ ನೋಡಿದ ಟಿಪ್ಪರ್ ಮಾಲೀಕರು ಎರಡೂ ಬಿಲ್ ತೀರಿಸಿದರು. ಜೂನ್ ಮಳೆಗೆ ಮುಂಚೆ ಬಿರುಕು ಮುಚ್ಚಿಸಿದ್ದಾಯಿತು. ನಮ್ಮ ಕಡೆಯ ಮಳೆಗೆ ನೀರು ಒಳಗಿಳಿದರೆ ಕಂಬಿ ತುಕ್ಕು ಹಿಡಿದು ಗಾರೆ ಮತ್ತೆ ಉಬ್ಬುತ್ತದೆ.

108ನೇ ಕಲಮು ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದಾಗ ಅನ್ವಯಿಸುವಂಥದ್ದು. ಹೊಸ 11 ತಿಂಗಳ ಕರಾರಿಗೆ ಈ ಸಾಲು ಸೇರಿಸಿಕೊಂಡೆವು: ‘ಬಾಡಿಗೆದಾರರು ಕರೆಸದ ಹೊರಗಿನವರಿಂದ ಹಾನಿಯಾಗಿ, 24 ಗಂಟೆಯೊಳಗೆ ಫೋಟೋ ಸಮೇತ ತಿಳಿಸಿದ್ದಲ್ಲಿ, ಆ ಖರ್ಚನ್ನು ಅಡ್ವಾನ್ಸಿನಿಂದ ಕಡಿತ ಮಾಡತಕ್ಕದ್ದಲ್ಲ.’