ಜೋಗಿಮಟ್ಟಿಯ ಮೇಲೆ ಮುಂಜಾವಿನ ಚಿತ್ರ ತೆಗೆಯುವ ಬಗೆ

ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಬೆಟ್ಟಕ್ಕೆ ಬೆಳಗಿನ ಚಿತ್ರ ತೆಗೆಯಲು ಹೊರಡುವ ಬಹುತೇಕರು ಸೂರ್ಯ ಹುಟ್ಟುವ ಹೊತ್ತಿಗೆ ಸರಿಯಾಗಿ ತುದಿ ಮುಟ್ಟುತ್ತಾರೆ. ಅಷ್ಟರಲ್ಲಿ ಒಳ್ಳೆಯ ಬೆಳಕಿನ ಅರ್ಧಪಾಲು ಮುಗಿದಿರುತ್ತದೆ. ಡಿಸೆಂಬರ್ ಕೊನೆಯಲ್ಲಿ ಚಿತ್ರದುರ್ಗದಲ್ಲಿ ಸೂರ್ಯೋದಯವಾಗುವುದು ಸುಮಾರು 6.45ಕ್ಕೆ. ಆಗಸಕ್ಕೆ ಬಣ್ಣ ಏರುವುದು ಅದಕ್ಕಿಂತ ನಲವತ್ತು ನಿಮಿಷ ಮೊದಲೇ ಆದ್ದರಿಂದ 6 ಗಂಟೆಗೆಲ್ಲ ಟ್ರೈಪಾಡ್ ನೆಲಕ್ಕೆ ಊರಿರಬೇಕು. ಆದರೆ ಇದು ಕರಡಿ, ಚಿರತೆಗಳಿರುವ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕತ್ತಲಲ್ಲಿ ಒಳಹೋಗಲೇಬಾರದು. ಅನುಮತಿ ಸಿಗದಿದ್ದರೆ ಗೇಟು ತೆರೆದ ಮೇಲೆ ದೊರೆಯುವ ಬೆಳಕಿಗೇ ತೃಪ್ತರಾಗುವುದು ಲೇಸು.

ಜಾಗವನ್ನು ಹಿಂದಿನ ಸಂಜೆಯೇ ಗುರುತಿಸಿಕೊಳ್ಳಿ. ಡಿಸೆಂಬರಿನಲ್ಲಿ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ ಸರಿದು ಹುಟ್ಟುವುದರಿಂದ, ಬೇರೆಯವರು ಮಳೆಗಾಲದಲ್ಲಿ ತೆಗೆದ ಚಿತ್ರವನ್ನು ನಂಬಿ ಚಳಿಗಾಲದಲ್ಲಿ ಅದೇ ಬಂಡೆಯ ಮುಂದೆ ಕಾದು ಕುಳಿತರೆ ನಿರಾಸೆಯೇ ಗತಿ.

ಇಲ್ಲಿನ ನಿಜವಾದ ತೊಡಕು ಗಾಳಿ. ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆಲ್ಲ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆಯೇನಲ್ಲ. ಟ್ರೈಪಾಡಿನ ನಡುಗಂಬವನ್ನು ಮೇಲೆತ್ತದೆ, ಕಾಲುಗಳನ್ನು ಅಗಲಿಸಿ ಆದಷ್ಟು ಕೆಳಗೆ ನಿಲ್ಲಿಸಿ, ಚೀಲವನ್ನು ನೆಲಕ್ಕೆ ತಾಗುವಂತೆ ಅದಕ್ಕೆ ತೂಗುಹಾಕಿ. ಗಾಳಿಯಲ್ಲಿ ತೂಗಾಡುವ ಚೀಲ ಟ್ರೈಪಾಡನ್ನು ಇನ್ನಷ್ಟು ಅಲುಗಿಸುತ್ತದೆ. ಕ್ಯಾಮೆರಾ ಪಟ್ಟಿಯನ್ನು ಬಿಚ್ಚಿಡಿ, ಎರಡು ಸೆಕೆಂಡಿನ ಟೈಮರ್ ಬಳಸಿ, ಗಾಳಿ ಬಿಡುವು ಕೊಟ್ಟ ಕ್ಷಣಕ್ಕೆ ಕಾಯಿರಿ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಎಫ್ 8ರಲ್ಲಿ (ಲೆನ್ಸಿನ ಕಿಂಡಿಯ ಅಳತೆ) ಷಟರ್ ಹಲವು ಸೆಕೆಂಡು ತೆರೆದಿರಬೇಕಾಗಿ ಬಂದು ಮುಂಭಾಗದ ಹುಲ್ಲು ಕದಡಿದಂತೆ ಕಂಡರೆ, ಐಎಸ್ಒ 800ಕ್ಕೆ ಏರಿಸಿ ಆ ಸಮಯವನ್ನು ತಗ್ಗಿಸಲು ಹಿಂಜರಿಯಬೇಡಿ. ಚಿತ್ರದಲ್ಲಿ ಸ್ವಲ್ಪ ಕಾಳು ಕಾಳಾಗಿ ಕಾಣುವುದನ್ನು ಸಹಿಸಬಹುದು, ಅಲುಗಿದ ಚಿತ್ರವನ್ನಲ್ಲ.

ಸೂರ್ಯೋದಯಕ್ಕೆ ಮುನ್ನ ಒಮ್ಮೆ ಪಶ್ಚಿಮಕ್ಕೆ ತಿರುಗಿ ನೋಡಿ. ಮೋಡವಿಲ್ಲದ ದಿನ ದಿಗಂತದ ಮೇಲೊಂದು ನಸುಗೆಂಪು ಪಟ್ಟಿ, ಅದರ ಕೆಳಗೆ ಬೂದುನೀಲಿಯ ಇನ್ನೊಂದು ಪಟ್ಟಿ ಕಾಣುತ್ತವೆ. ಆ ಬೂದುನೀಲಿ ಭೂಮಿಯದೇ ನೆರಳು, ಸೂರ್ಯ ಮೇಲೇರಿದಂತೆ ಅದು ಕೆಳಗಿಳಿದು ಮಾಯವಾಗುತ್ತದೆ. ನನ್ನ ಮಟ್ಟಿಗೆ ಜೋಗಿಮಟ್ಟಿಯ ಅತ್ಯುತ್ತಮ ಚೌಕಟ್ಟು ಇದೇ, ಅದೂ ದೂರದ್ದನ್ನು ಹತ್ತಿರ ತರುವ 70ರಿಂದ 200 ಮಿ.ಮೀ. ಲೆನ್ಸಿನಲ್ಲಿ ಗುಡ್ಡದ ಸಾಲುಗಳನ್ನು ಒತ್ತೊತ್ತಾಗಿ ಸೇರಿಸಿ ತೆಗೆದಾಗ. ಅಗಲ ನೋಟದ ವೈಡ್ ಲೆನ್ಸಿನಲ್ಲಿ ಅದೇ ಸಾಲುಗಳು ಗೆರೆಯಷ್ಟೇ ಆಗಿಬಿಡುತ್ತವೆ.

ಸೂರ್ಯ ಕಾಣಿಸಿಕೊಂಡ ಮೇಲೆ ಆಗಸ ಮತ್ತು ನೆಲದ ಬೆಳಕಿನ ಅಂತರವನ್ನು ಒಂದೇ ಚಿತ್ರ ಹಿಡಿಯಲಾರದು. ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ), ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಅಂತರದ ಮೂರು ಚಿತ್ರಗಳನ್ನು ಆಮೇಲೆ ಒಂದಾಗಿ ಜೋಡಿಸಲು ತೆಗೆದಿಟ್ಟುಕೊಳ್ಳಿ. ಆಪ್ಟಿಕಲ್ ವ್ಯೂಫೈಂಡರಿನಲ್ಲಿ (ಲೆನ್ಸಿನ ನೋಟವನ್ನು ಗಾಜಿನ ಮೂಲಕವೇ ತೋರಿಸುವ ಕಿಂಡಿ) ಕಣ್ಣಿಟ್ಟು ಸೂರ್ಯನನ್ನು ನೋಡಬೇಡಿ, ಪರದೆಯನ್ನೇ ಬಳಸಿ.

ದಾವಣಗೆರೆಯಿಂದ ಎಸಿ ಹಾಕಿಕೊಂಡು ಕಾರಿನಲ್ಲಿ ಬರುವವರಿಗೆ ಒಂದು ಮಾತು: ತಣ್ಣಗಾದ ಲೆನ್ಸು ಹೊರಗಿನ ತೇವದ ಗಾಳಿಗೆ ಬಂದೊಡನೆ ಅದರ ಮೇಲೆ ಹನಿ ಕಟ್ಟುತ್ತದೆ. ಬೆಟ್ಟ ಹತ್ತುವ ಮೊದಲೇ ಎಸಿ ನಿಲ್ಲಿಸಿ ಕಿಟಕಿ ಇಳಿಸಿ, ಹತ್ತಿಬಟ್ಟೆಯೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ.