ಟಿವಿ ಆಮೇಲೆ ಹಾಕಿ, ಮೊದಲು ಪಾರ್ಟಿ ಕಾಲಂ ನೋಡಿ

ಕಳೆದ ಯುಗಾದಿ ಊಟದ ಸಾಲಿನಲ್ಲಿ ಒಬ್ಬ ಹುಡುಗ ಸಿಕ್ಕಿದ. ಹೊಸದಾಗಿ ಅಮೆರಿಕದ ಸಿಟಿಜನ್ ಆಗಿದ್ದಾನೆ, ಮುಖದಲ್ಲಿ ಖುಷಿ. "ವೋಟರ್ ಫಾರಂ ತುಂಬಿಬಿಟ್ಟೆ ಸಾರ್. ಪಾರ್ಟಿ ಗೀರ್ಟಿ ಏನೂ ಹಾಕಲಿಲ್ಲ, ನಾವ್ಯಾಕೆ ಯಾರ ಬಾಲ ಹಿಡಿಯಬೇಕು ಅಲ್ವಾ?" ಅಂದ. ನನ್ನ ಕೈಯಲ್ಲಿದ್ದ ತಟ್ಟೆ ಜಾರುವುದೊಂದು ಬಾಕಿ. ಹತ್ತು ವರ್ಷದ ಹಿಂದೆ ಇದೇ ಮಾತನ್ನು ನಾನೂ ಇಷ್ಟೇ ಜಂಭದಿಂದ ಹೇಳಿದ್ದೆ.

ಅಮೆರಿಕದ ಎರಡು ಪಾರ್ಟಿ, ಅವುಗಳ ಗುರುತಾದ ಆನೆ, ಕತ್ತೆ, ಎಲೆಕ್ಟೋರಲ್ ಕಾಲೇಜ್ ಇದನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ. ಪ್ರೈಮರಿ ಬಗ್ಗೆ ಮಾತ್ರ ಒಂದು ಮಾತು. ನಮ್ಮೂರಲ್ಲಿ ಬಿ ಫಾರಂ ಯಾರಿಗೆ ಅಂತ ದೆಹಲಿಯ ಹೈಕಮಾಂಡ್ ತೀರ್ಮಾನ ಮಾಡುತ್ತದೆ, ಟಿಕೆಟ್ ಸಿಗದವರು ಅತ್ತುಕೊಂಡು ಇನ್ನೊಂದು ಪಾರ್ಟಿಗೆ ಹೋಗುತ್ತಾರೆ. ಇಲ್ಲಿ ಪ್ರೈಮರಿ ಅಂತ ಪಾರ್ಟಿಯ ಅಭ್ಯರ್ಥಿಯನ್ನು ಆರಿಸುವ ಚುನಾವಣೆ ಮೊದಲು ನಡೆಯುತ್ತದೆ, ಟಿಕೆಟ್ ಕೊಡುವುದು ಮತದಾರರೇ. ಇದು ನಮ್ಮದಕ್ಕಿಂತ ಒಳ್ಳೆಯ ಪದ್ಧತಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ "ಮತದಾರರು" ಅಂದರೆ ಯಾರು ಅನ್ನುವುದರಲ್ಲೇ ಎಡವಟ್ಟು.

ನನ್ನ ಕಥೆ ಕೇಳಿ. 2015ರ ಬೇಸಿಗೆಯಲ್ಲಿ ಬ್ರೂಕ್ಲಿನ್‌ನಲ್ಲಿ ಪ್ರಮಾಣವಚನ ಆಯಿತು. ಅಲ್ಲೇ ವೋಟರ್ ಫಾರಂ ಕೈಗೆ ಕೊಟ್ಟರು. ನ್ಯೂಯಾರ್ಕ್ ಫಾರಂನಲ್ಲಿ ಪಾರ್ಟಿ ಯಾವುದು ಅಂತ ಒಂದು ಕಾಲಂ ಇರುತ್ತದೆ. ಅದನ್ನು ನೋಡಿ ನನಗೆ ಊರಿನ ಸದಸ್ಯತ್ವ ಅಭಿಯಾನ ನೆನಪಾಯಿತು. ಶಾಲು ಹೊದಿಸಿ, ಫೋಟೋ ತೆಗೆದು, ಆಮೇಲೆ ಬಾವುಟ ಹಿಡಿಸುತ್ತಾರಲ್ಲ, ಅದೇ ಅಂದುಕೊಂಡೆ. ನೌಕರಿ ಮಾಡಿಕೊಂಡಿರುವವನಿಗೆ ಯಾಕೆ ಬೇಕು ಅಂತ "ಯಾವ ಪಾರ್ಟಿಯೂ ಬೇಡ" ಅನ್ನುವುದಕ್ಕೆ ಟಿಕ್ ಹಾಕಿ ಬಂದೆ.

ಜನವರಿ ಹೊತ್ತಿಗೆ ಒಬ್ಬ ಅಭ್ಯರ್ಥಿ ನನಗೆ ತುಂಬಾ ಹಿಡಿಸಿದರು. ಹೆಸರು ಬೇಡ, ಸುಮ್ನೆ ಜಗಳ. ದುಡ್ಡು ಕೊಟ್ಟೆ, ಎರಡು ಶನಿವಾರ ಮನೆ ಮನೆಗೆ ಹೋಗಿ ಬಾಗಿಲು ತಟ್ಟಿದೆ, ಚಳಿಯಲ್ಲಿ ನಾಯಿ ಬೊಗಳಿಸಿಕೊಂಡೆ. 2016ರ ಏಪ್ರಿಲ್ 19ಕ್ಕೆ ಪ್ರೈಮರಿ. ಅರ್ಧ ದಿನ ರಜೆ ಹಾಕಿ ಹೋಗಿ ನಿಂತೆ. ಮೇಜಿನ ಹಿಂದಿದ್ದ ಅಜ್ಜಿ ಪುಸ್ತಕ ತಿರುವಿ ತಿರುವಿ ನೋಡಿ, "ನಿನ್ನ ಹೆಸರು ಇದೆ ಮಗು, ಆದರೆ ನೀನು ಯಾವ ಪಾರ್ಟಿಯವನೂ ಅಲ್ಲ, ಇವತ್ತು ನಿನಗೆ ವೋಟಿಲ್ಲ" ಅಂದರು. ನಾನು ವಾದ ಮಾಡಿದ್ದಕ್ಕೆ ಅಫಿಡವಿಟ್ ಬ್ಯಾಲಟ್ ಅಂತ, ಅರ್ಹತೆ ನೋಡಿ ಆಮೇಲೆ ಎಣಿಸುವ ಮತಪತ್ರದ ಒಂದು ಲಕೋಟೆ ಕೊಟ್ಟರು. ತುಂಬಿ ಕೊಟ್ಟು ಬಂದೆ. ಸುಮಾರು ದಿನ ಆದಮೇಲೆ ಮನೆಗೆ ಪತ್ರ ಬಂತು: ನಿಮ್ಮ ಮತ ಎಣಿಕೆಗೆ ಬರಲಿಲ್ಲ.

ಪಾರ್ಟಿ ಬದಲಾಯಿಸಲು ಕೊನೆಯ ದಿನ ಯಾವುದಿತ್ತು ಗೊತ್ತಾ? 2015ರ ಅಕ್ಟೋಬರ್ 9. ಪ್ರೈಮರಿಗೆ ಆರು ತಿಂಗಳ ಮೊದಲು! ಡೆಮಾಕ್ರಾಟಿಕ್ ಪಾರ್ಟಿಯ ಮೊದಲ ಡಿಬೇಟ್ ಲಾಸ್ ವೇಗಸ್‌ನಲ್ಲಿ ನಡೆದದ್ದೇ ಅಕ್ಟೋಬರ್ 13ಕ್ಕೆ. ಅಂದರೆ ಅಭ್ಯರ್ಥಿಗಳು ಒಂದೇ ವೇದಿಕೆ ಹತ್ತಿ ಬಾಯಿ ತೆರೆಯುವ ನಾಲ್ಕು ದಿನ ಮೊದಲೇ ನಮ್ಮ ಬಾಗಿಲಿಗೆ ಬೀಗ ಬಿದ್ದಿತ್ತು. ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಹೊಸದಾಗಿ ನೋಂದಾಯಿಸುವವರಿಗೆ ಮಾರ್ಚ್ 25ರವರೆಗೂ ಅವಕಾಶ ಇತ್ತು. ನನಗಿಂತ ಆರು ತಿಂಗಳು ತಡವಾಗಿ ಸಿಟಿಜನ್ ಆದ ಗೆಳೆಯ ಮಾರ್ಚ್‌ನಲ್ಲಿ ಫಾರಂ ತುಂಬಿ ಏಪ್ರಿಲ್‌ನಲ್ಲಿ ಆರಾಮಾಗಿ ವೋಟು ಹಾಕಿದ. ಶಿಸ್ತಾಗಿ ಮೊದಲೇ ತುಂಬಿದ ನಾನು ಹೊರಗೆ.

ಇದು ಹೊರಗಿನಿಂದ ಬಂದ ನಮ್ಮ ಪೆದ್ದುತನ ಮಾತ್ರ ಅಂದುಕೊಳ್ಳಬೇಡಿ. ಅದೇ ವರ್ಷ ಟ್ರಂಪ್ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಕೂಡ ಈ ದಿನಾಂಕ ತಪ್ಪಿಸಿಕೊಂಡು, ಸ್ವಂತ ಅಪ್ಪನಿಗೇ ನ್ಯೂಯಾರ್ಕ್ ಪ್ರೈಮರಿಯಲ್ಲಿ ವೋಟು ಹಾಕಲು ಆಗಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ಸ್ವಲ್ಪ ಸಮಾಧಾನ ಆದದ್ದು ನಿಜ.

ಆಮೇಲೆ ಕಾನೂನು ಬದಲಾಯಿತು. ಈಗ ನ್ಯೂಯಾರ್ಕ್‌ನಲ್ಲಿ ಪಾರ್ಟಿ ಬದಲಾಯಿಸುವ ಫಾರಂ ಫೆಬ್ರವರಿ 14ರೊಳಗೆ ಕಚೇರಿಗೆ ತಲುಪಿರಬೇಕು. ಅದು ದಾಟಿದರೆ ಜೂನ್ ಪ್ರೈಮರಿ ಮುಗಿದು ಏಳು ದಿನ ಆಗುವವರೆಗೂ ನಿಮ್ಮ ಅರ್ಜಿ ಡ್ರಾಯರ್‌ನಲ್ಲೇ. ಹೆಂಡತಿಗೆ ಗುಲಾಬಿ ತರುವ ದಿನ ಇದನ್ನೂ ನೆನಪಿಟ್ಟುಕೊಳ್ಳಿ. 2025ರ ಜೂನ್‌ನಲ್ಲಿ ನ್ಯೂಯಾರ್ಕ್ ಮೇಯರ್ ಪ್ರೈಮರಿಯಲ್ಲಿ ಡೆಮಾಕ್ರಾಟಿಕ್ ಅಭ್ಯರ್ಥಿ ಜೊಹ್ರಾನ್ ಮಮ್ದಾನಿ ಹವಾ ಎದ್ದಾಗ ನನಗೆ ಫೋನ್ ಮಾಡಿ "ಈಗ ಪಾರ್ಟಿ ಸೇರಬಹುದಾ" ಅಂತ ಕೇಳಿದ ಕನ್ನಡಿಗರು ಒಬ್ಬಿಬ್ಬರಲ್ಲ. ಎಲ್ಲರಿಗೂ ಒಂದೇ ಉತ್ತರ: ನಾಲ್ಕು ತಿಂಗಳು ತಡ.

ಪಾರ್ಟಿ ಕಾಲಂಗೆ ಹೆದರಬೇಡಿ. ಅದಕ್ಕೆ ಫೀಸ್ ಇಲ್ಲ, ಶಾಲು ಇಲ್ಲ, ಕೆಲಸ ಇಲ್ಲ. ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಯಾರಿಗೆ ಬೇಕಾದರೂ ವೋಟು ಹಾಕಬಹುದು. ಪ್ರೈಮರಿ ಹಾಲ್‌ಗೆ ಹೋಗುವ ಎಂಟ್ರಿ ಪಾಸ್ ಅಂದುಕೊಳ್ಳಿ, ಅಷ್ಟೇ. ಹಾಗಂತ ನನಗೆ ಇದು ಇಷ್ಟ ಅಂತಲ್ಲ. ನಾನು ಯಾವ ಪಾರ್ಟಿ ಅಂತ ಸರ್ಕಾರದ ಪಟ್ಟಿಯಲ್ಲಿ ಬರೆದಿಟ್ಟು, ಅದನ್ನು ಪ್ರಚಾರದವರ ಕೈಗೂ ಸಿಗುವಂತೆ ಮಾಡುವುದು ಎಂಥ ವಿಚಿತ್ರ! ನಮ್ಮ ಮತದಾರರ ಪಟ್ಟಿಯಲ್ಲಿ ಅಂಥ ಕಾಲಮ್ಮೇ ಇಲ್ಲ. ಈ ವಿಷಯದಲ್ಲಿ ಭಾರತವೇ ಮೇಲು.

ಇನ್ನೊಂದು ಗುಂಡಿ. "ನಾನು ಇಂಡಿಪೆಂಡೆಂಟ್" ಅಂತ ಹೇಳಿಕೊಳ್ಳುವ ಆಸೆಗೆ ಆ ಪದ ಕಂಡಲ್ಲಿ ಟಿಕ್ ಹಾಕಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಅಮೆರಿಕನ್ ಇಂಡಿಪೆಂಡೆಂಟ್ ಅನ್ನುವುದು ಒಂದು ಪಾರ್ಟಿ. 1968ರಲ್ಲಿ ಕರಿಯರು ಬಿಳಿಯರು ಬೇರೆ ಬೇರೆ ಇರಬೇಕು ಅನ್ನುತ್ತಿದ್ದ ಜಾರ್ಜ್ ವಾಲೇಸ್ ಅಧ್ಯಕ್ಷ ಸ್ಥಾನಕ್ಕೆ ನಿಂತದ್ದು ಇದೇ ಹೆಸರಿನಲ್ಲಿ. ಸನ್ನಿವೇಲ್‌ನಲ್ಲಿರುವ ನನ್ನ ಭಾವಮೈದ ಮೂರು ವರ್ಷ ಈ ಪಾರ್ಟಿಯ ಮೆಂಬರ್ ಆಗಿದ್ದ, ಪಾಪ ಗೊತ್ತೇ ಇರಲಿಲ್ಲ. ಅಲ್ಲಿ ಸ್ವತಂತ್ರವಾಗಿ ಇರಬೇಕು ಅಂದರೆ "ನೋ ಪಾರ್ಟಿ ಪ್ರಿಫರೆನ್ಸ್" ಅಂತ ಹಾಕಬೇಕು. ಹಾಗೆ ಹಾಕಿದವರು ಡೆಮಾಕ್ರಾಟಿಕ್ ಪಾರ್ಟಿಯ ಅಧ್ಯಕ್ಷೀಯ ಪ್ರೈಮರಿಯ ಬ್ಯಾಲಟ್ ಬೇಕು ಅಂತ ತಾವೇ ಕೇಳಿ ತರಿಸಿಕೊಳ್ಳಬೇಕು. ರಿಪಬ್ಲಿಕನ್ನರ ಅಧ್ಯಕ್ಷೀಯ ಪ್ರೈಮರಿಗಾದರೆ ಆ ಪಾರ್ಟಿಗೇ ಸೇರಿರಬೇಕು.

ಬೇರೆ ಕಡೆ ಇರುವವರಿಗೆ ಬೇಗ ಹೇಳಿಬಿಡುತ್ತೇನೆ. ಟೆಕ್ಸಸ್, ವರ್ಜೀನಿಯಾ, ಮಿಷಿಗನ್‌ನಲ್ಲಿ ಪಾರ್ಟಿ ನೋಂದಣಿಯೇ ಇಲ್ಲ, ಬೂತ್‌ನಲ್ಲಿ ಒಂದನ್ನು ಆರಿಸಿಕೊಂಡರಾಯಿತು. ಡಲ್ಲಾಸ್‌ನವರು ನೆನಪಿಡಿ, ಒಂದು ಪಾರ್ಟಿಯ ಪ್ರೈಮರಿಯಲ್ಲಿ ವೋಟು ಹಾಕಿದರೆ ಆ ವರ್ಷದ ರನ್‌ಆಫ್‌ನಲ್ಲಿ, ಅಂದರೆ ಎರಡನೇ ಸುತ್ತಿನಲ್ಲಿ, ಇನ್ನೊಂದಕ್ಕೆ ಹಾರುವಂತಿಲ್ಲ. ಸಿಯಾಟಲ್‌ನವರು ಅಂಚೆ ಲಕೋಟೆಯ ಮೇಲೆ ಪಾರ್ಟಿ ಗುರುತು ಮಾಡದಿದ್ದರೆ ಅಧ್ಯಕ್ಷೀಯ ಪ್ರೈಮರಿಯ ವೋಟು ಕಸಕ್ಕೆ. ಫ್ಲೋರಿಡಾ, ಪೆನ್ಸಿಲ್ವೇನಿಯಾ ನಮ್ಮ ನ್ಯೂಯಾರ್ಕ್ ಥರವೇ ಬಾಗಿಲು ಹಾಕಿಕೊಂಡವು. ನ್ಯೂಜೆರ್ಸಿಯಲ್ಲಿ ಖಾಲಿ ಬಿಟ್ಟವರು ಅವತ್ತೇ ಪಾರ್ಟಿ ಹೇಳಿ ವೋಟು ಹಾಕಬಹುದು. ಐವತ್ತು ರಾಜ್ಯಕ್ಕೆ ಐವತ್ತು ಕಾನೂನು! ಚುನಾವಣಾ ಆಯೋಗ ಅಂತ ಒಂದು ಇಟ್ಟುಕೊಳ್ಳಲು ಇವರಿಗೆ ಏನು ಕಷ್ಟವೋ.

ಇಷ್ಟೆಲ್ಲ ಇದ್ದರೂ ಟಿವಿಯವರು ಇದನ್ನು ಒಂದು ದಿನ ಹೇಳುತ್ತಾರಾ? 2015ರ ಆ ಬೇಸಿಗೆ ಪೂರ್ತಿ ನಾನು ದಿನಾ ನ್ಯೂಸ್ ನೋಡಿದವನು. ಯಾರು ಮುಂದೆ, ಯಾರು ಹಿಂದೆ, ಯಾರು ಯಾರಿಗೆ ಏನು ಬೈದರು, ಬರೀ ಕುದುರೆ ರೇಸು. ಟಿಕೆಟ್ ಕೌಂಟರ್ ಅಕ್ಟೋಬರ್ 9ಕ್ಕೆ ಮುಚ್ಚುತ್ತದೆ ಅಂತ ಒಂದು ಪಟ್ಟಿಯೂ ಕೆಳಗೆ ಓಡಿದ್ದು ನನಗೆ ನೆನಪಿಲ್ಲ.

ರೇಸಿನ ವರದಿಯಾದರೂ ಸರಿ ಇರುತ್ತದಾ ಅಂದರೆ ಅದೂ ಇಲ್ಲ. 1976ರಲ್ಲಿ ರೇಸಿನಲ್ಲಿ ಎಲ್ಲಕ್ಕಿಂತ ಮೊದಲು ನಡೆದ ಅಯೋವಾ ರಾಜ್ಯದ ಕಾಕಸ್‌ನಲ್ಲಿ (ಪಾರ್ಟಿಯವರು ಸಭೆ ಸೇರಿ ಅಭ್ಯರ್ಥಿಯನ್ನು ಆರಿಸುವುದು) ಜಾಸ್ತಿ ಬಂದದ್ದು "ಇನ್ನೂ ಯಾರೆಂದು ನಿರ್ಧಾರ ಮಾಡಿಲ್ಲ" ಅನ್ನುವವರು. ಜಿಮ್ಮಿ ಕಾರ್ಟರ್ ಆ ಗುಂಪಿನ ಹಿಂದೆ ಎರಡನೆಯ ಸ್ಥಾನದಲ್ಲಿದ್ದರು. ಆದರೂ ಪತ್ರಿಕೆಯವರು ಕಾರ್ಟರ್ ಗೆದ್ದರು ಅಂತ ಬರೆದರು, ಕಾರ್ಟರ್ ಅಧ್ಯಕ್ಷರೂ ಆಗಿಬಿಟ್ಟರು. 2012ರಲ್ಲಿ ಅದೇ ಅಯೋವಾದಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಾಮ್ನಿ 8 ವೋಟಿನಿಂದ ಗೆದ್ದರು ಅಂತ ರಾತ್ರಿಯೆಲ್ಲ ಡಂಗುರ. ಎರಡು ವಾರ ಬಿಟ್ಟು ಲೆಕ್ಕ ಸರಿಮಾಡಿ ನೋಡಿದರೆ ಎದುರಾಳಿ ಸ್ಯಾಂಟೋರಮ್ 34 ವೋಟು ಮುಂದೆ. ಅಷ್ಟು ಹೊತ್ತಿಗೆ ಕ್ಯಾಮೆರಾಗಳೆಲ್ಲ ಅಯೋವಾ ಬಿಟ್ಟು ಹೋಗಿದ್ದವು, ಗೆದ್ದವರಿಗೆ ಹಾರ ಹಾಕಲು ಯಾರೂ ಇಲ್ಲ. 2020ರಲ್ಲಿ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಟಿವಿಯಲ್ಲಿ ತಿಥಿ ಊಟಕ್ಕೆ ಎಲೆ ಹಾಕುವುದೊಂದು ಬಾಕಿ ಇತ್ತು. ಫೆಬ್ರವರಿ 29ಕ್ಕೆ ಸೌತ್ ಕ್ಯಾರೊಲಿನಾ ಗೆದ್ದರು, ಮೂರು ದಿನದಲ್ಲಿ ಸೂಪರ್ ಟ್ಯೂಸ್‌ಡೇ (ಒಂದೇ ದಿನ ಹಲವು ರಾಜ್ಯಗಳ ಪ್ರೈಮರಿ), ಆಟವೇ ತಿರುಗಿತು. ಅಭ್ಯರ್ಥಿಯನ್ನು ಕೊನೆಗೆ ಆರಿಸುವ ಪಾರ್ಟಿ ಪ್ರತಿನಿಧಿಗಳಿಗೆ ಡೆಲಿಗೇಟ್ ಅನ್ನುತ್ತಾರೆ. ಆ ವರ್ಷ ಜನರ ವೋಟಿನ ಪ್ರಕಾರ ಹಂಚುವ ಡೆಲಿಗೇಟ್‌ಗಳು ಅಯೋವಾದಲ್ಲಿ 41, ದೇಶದಲ್ಲಿ ಒಟ್ಟು 3,979. ನೂರಕ್ಕೆ ಒಂದು! ಅಷ್ಟಕ್ಕೆ ಒಂದು ವರ್ಷದ ಗಲಾಟೆ.

ನನಗೆ ತುಂಬಾ ಕೋಪ ತರಿಸಿದ್ದು 2016ರ ಜೂನ್ 6. ಮರುದಿನ ಕ್ಯಾಲಿಫೋರ್ನಿಯಾದಲ್ಲಿ ಪ್ರೈಮರಿ, ಹಿಂದಿನ ರಾತ್ರಿಯೇ ಅಸೋಸಿಯೇಟೆಡ್ ಪ್ರೆಸ್‌ನವರು ಸೂಪರ್ ಡೆಲಿಗೇಟ್‌ಗಳಿಗೆ (ಪ್ರೈಮರಿ ಫಲಿತಾಂಶಕ್ಕೆ ಕಟ್ಟುಬೀಳದ ಪಾರ್ಟಿ ಮುಖಂಡರು) ಫೋನ್ ಮಾಡಿ ಲೆಕ್ಕ ಹಾಕಿ ಹಿಲರಿ ಕ್ಲಿಂಟನ್‌ಗೆ ಡೆಮಾಕ್ರಾಟಿಕ್ ಟಿಕೆಟ್ ಖಾಯಂ ಅಂತ ಹೇಳಿಬಿಟ್ಟರು. ಲೆಕ್ಕ ತಪ್ಪಿರಲಿಲ್ಲ, ಒಪ್ಪುತ್ತೇನೆ. ಆದರೆ ಬೆಳಗ್ಗೆ ಸಾಲಿನಲ್ಲಿ ನಿಲ್ಲಬೇಕಾದವನಿಗೆ ಹಿಂದಿನ ರಾತ್ರಿ "ಆಟ ಮುಗಿಯಿತು" ಅನ್ನುವುದು ಯಾವ ನ್ಯಾಯ? ನಮ್ಮಲ್ಲಿ ಕೊನೆಯ ಹಂತದ ಮತದಾನ ಮುಗಿಯುವವರೆಗೆ ಎಕ್ಸಿಟ್ ಪೋಲ್ ತೋರಿಸುವಂತಿಲ್ಲ. ಕನ್ನಡ ನ್ಯೂಸ್ ಚಾನೆಲ್‌ಗಳ ಅಬ್ಬರವನ್ನು ಎಷ್ಟೇ ಬೈದರೂ ಆ ಒಂದು ಕಟ್ಟುಪಾಡು ಒಳ್ಳೆಯದು.

ಇನ್ನು ದುಡ್ಡು. ಆನ್‌ಲೈನ್‌ನಲ್ಲಿ ದೇಣಿಗೆ ಕೊಡುವಾಗ "ಪ್ರತಿ ತಿಂಗಳು" ಅನ್ನುವ ಟಿಕ್ ಮೊದಲೇ ಬಿದ್ದಿದೆಯಾ ನೋಡಿ. ನನ್ನ ಕಾರ್ಡ್‌ನಿಂದ 25 ಡಾಲರ್ ನಾಲ್ಕು ಸಲ ಹೋದಮೇಲೆ ನನಗೆ ಜ್ಞಾನೋದಯ ಆಯಿತು, ಅದೂ ವೋಟು ಹಾಕಲಾಗದ ಅಭ್ಯರ್ಥಿಗೆ. ಹೆಚ್-1ಬಿ, ಹೆಚ್-4, ಸ್ಟೂಡೆಂಟ್ ವೀಸಾದಲ್ಲಿರುವವರು ಒಂದು ಡಾಲರ್ ಕೂಡ ಕೊಡುವಂತಿಲ್ಲ, ಅದು ಕಾನೂನುಬಾಹಿರ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ಆದರೆ ಅವರಿಗೂ ವೋಟಿಲ್ಲ.

ಈ ಒಂದು ವಿಷಯದಲ್ಲಿ ತಮಾಷೆ ಮಾಡುವುದಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋದಾಗ "ವೋಟರ್ ಆಗಿ ನೋಂದಾಯಿಸಬೇಕಾ" ಅಂತ ಕೇಳುತ್ತಾರೆ, 1993ರಿಂದ ಹಾಗೆ ಕಾನೂನಿದೆ. ಸಿಟಿಜನ್ ಅಲ್ಲದವರು ಸ್ಕ್ರೀನಿನಲ್ಲಿ ಬಂದದ್ದಕ್ಕೆಲ್ಲ ಹೂಂ ಅಂತ ಒತ್ತುತ್ತಾ ಹೋಗಬೇಡಿ. ಸಿಟಿಜನ್ ಅಂತ ಸುಳ್ಳು ಹೇಳಿದಂತಾದರೆ ದೇಶದಿಂದ ಹೊರಗೆ ಹಾಕಬಹುದು, ಮತ್ತೆ ಬರುವ ದಾರಿಯೂ ಮುಚ್ಚಬಹುದು. ಗೊತ್ತಿಲ್ಲದೆ ಆಯಿತು ಅಂದರೆ ಕೇಳುವವರು ಕಡಿಮೆ. ಈಗಾಗಲೇ ಒತ್ತಿಬಿಟ್ಟಿದ್ದರೆ ನನ್ನಂಥವರನ್ನು ಕೇಳಬೇಡಿ, ಇವತ್ತೇ ಇಮಿಗ್ರೇಶನ್ ವಕೀಲರ ಹತ್ತಿರ ಹೋಗಿ.

ಅಂದ ಹಾಗೆ ಆ ಯುಗಾದಿ ಹುಡುಗ. ಅವನನ್ನು ಪಕ್ಕಕ್ಕೆ ಕರೆದು ಅರ್ಧ ಗಂಟೆ ಇದನ್ನೆಲ್ಲ ಕೊರೆದೆ. ಕೊನೆಗೆ ಅವನು ತಲೆ ಕೆರೆದುಕೊಂಡು "ಆದರೆ ಸಾರ್, ನಾನಿರೋದು ಎಡಿಸನ್‌ನಲ್ಲಿ" ಅಂದ. ನ್ಯೂಜೆರ್ಸಿ! ಖಾಲಿ ಬಿಟ್ಟರೂ ನಡೆಯುತ್ತದೆ. ನಾನು ಪೆಚ್ಚಾಗಿ ತಟ್ಟೆ ಎತ್ತಿಕೊಂಡು ಹೊರಟೆ. ಅಷ್ಟರಲ್ಲಿ ಹಿಂದಿನಿಂದ ಅವನೇ ಕರೆದ: "ಹೆಂಡತಿದು ಇನ್ನೂ ಗ್ರೀನ್ ಕಾರ್ಡ್ ಸಾರ್, ಮುಂದಿನ ವಾರ ಲೈಸೆನ್ಸ್‌ಗೆ ಹೋಗ್ತಾಳೆ. ಅಲ್ಲಿ ಏನೋ ಒತ್ತಬಾರದು ಅಂದ್ರಲ್ಲ, ಅದೇನು?" ಮತ್ತೆ ಕೂತೆ. ಎದ್ದು ಹೋಗುವಷ್ಟರಲ್ಲಿ ಹೋಳಿಗೆ ಖಾಲಿ, ಬರೀ ಚಿತ್ರಾನ್ನ ಉಳಿದಿತ್ತು.