ತೂಕ ಇಳಿಸಬೇಕೇ? ಎಣ್ಣೆ ಕ್ಯಾನಿನಿಂದ ಶುರು ಮಾಡಿ

ತೂಕ ಇಳಿಸಬೇಕು ಅಂದ ಕೂಡಲೇ ಕೆಲವರು ಜಿಮ್‌ಗೆ ದುಡ್ಡು ಕಟ್ಟುತ್ತಾರೆ, ಕೆಲವರು ರಾತ್ರಿ ಊಟ ಬಿಡುತ್ತಾರೆ. ಎರಡೂ ಹೆಚ್ಚು ದಿನ ನಡೆಯುವುದಿಲ್ಲ. ಅಡುಗೆಮನೆಯಿಂದ ಶುರು ಮಾಡಿದರೆ ಖರ್ಚೂ ಇಲ್ಲ, ಹಸಿದುಕೊಂಡು ಮಲಗುವುದೂ ಬೇಡ.

ಮೊದಲ ಕೆಲಸ ಅಳತೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪ್ ಹಿಡಿದು ಸುತ್ತಳತೆ ತೆಗೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ನೋಡುವವರು ನೀವೊಬ್ಬರೇ! ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಜಾಸ್ತಿ ಎಂದೇ ಲೆಕ್ಕ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಗರ್ಭಿಣಿಯರು ತೂಕ ಇಳಿಸಲು ಹೋಗಬೇಡಿ.

ಇನ್ನು ಎಣ್ಣೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಖಾಲಿಯಾಗುತ್ತದೆ ಅಂದುಕೊಳ್ಳಿ. ಒಬ್ಬೊಬ್ಬರ ಪಾಲಿಗೆ ದಿನಕ್ಕೆ 40 ಮಿ.ಲೀ. ದಾಟಿತು. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟಕ್ಕೆ 4. ಅಲ್ಲಿಗೆ ಬರೀ ಎಣ್ಣೆಯಿಂದಲೇ ದಿನಕ್ಕೆ ಸುಮಾರು 340 ಕ್ಯಾಲೊರಿ! ಅದನ್ನು 3 ಲೀಟರ್‌ಗೆ ಇಳಿಸಿದರೆ 130 ಕ್ಯಾಲೊರಿಗೂ ಜಾಸ್ತಿ ಕಡಿಮೆಯಾಗುತ್ತದೆ, ತಟ್ಟೆಯಲ್ಲಿ ಒಂದು ತುತ್ತೂ ಕಮ್ಮಿಯಾಗದೆ.

ಇಳಿಸುವುದು ಹೇಗೆ? ಕ್ಯಾನಿನಿಂದ ನೇರ ಬಾಣಲೆಗೆ ಬಗ್ಗಿಸುವುದನ್ನು ನಿಲ್ಲಿಸಿ. ತಲೆಗೆ 5 ಟೀ ಚಮಚದಂತೆ ದಿನದ ಎಣ್ಣೆಯನ್ನು ಬೆಳಿಗ್ಗೆಯೇ ಬಟ್ಟಲಿಗೆ ಅಳೆದಿಡಿ. ದೋಸೆ, ಪಲ್ಯ, ಒಗ್ಗರಣೆ ಎಲ್ಲ ಅದರಲ್ಲೇ ಮುಗಿಯಬೇಕು. ಒಗ್ಗರಣೆ ಸೌಟನ್ನು ಸ್ವಲ್ಪ ಓರೆ ಹಿಡಿಯಿರಿ. ಎಣ್ಣೆ ಒಂದು ಕಡೆ ಸೇರಿ, ಒಂದೇ ಚಮಚದಲ್ಲಿ ಸಾಸಿವೆ ಚಟಪಟ ಅನ್ನುತ್ತದೆ. ಹಬ್ಬಕ್ಕೆ ಕರಿದದ್ದು ಬೇಕೇ ಬೇಕು, ಅಲ್ವಾ? ಮಾಡಿ. ಹಿಂದೆಮುಂದಿನ ದಿನ ಬಸ್ಸಾರು, ಉಪ್ಸಾರು ಮಾಡಿ ಸರಿದೂಗಿಸಿ.

ಆಮೇಲೆ ಸಕ್ಕರೆ. ಎರಡೆರಡು ಚಮಚ ಹಾಕಿ ನಾಲ್ಕು ಲೋಟ ಕಾಫಿ ಕುಡಿದರೆ 130ರಿಂದ 160 ಕ್ಯಾಲೊರಿ. ವಾರಕ್ಕೆ ಅರ್ಧ ಚಮಚ ಕಮ್ಮಿ ಮಾಡುತ್ತಾ ಬನ್ನಿ. ನಾಲಿಗೆ ಒಗ್ಗಿಕೊಳ್ಳುತ್ತದೆ.

ಅನ್ನ ಬಿಡಬೇಕಿಲ್ಲ, ಬಡಿಸುವ ಕ್ರಮ ಬದಲಿಸಿ. ಅರ್ಧ ತಟ್ಟೆ ಸೊಪ್ಪು, ಪಲ್ಯ, ಕೋಸಂಬರಿ. ಜೊತೆಗೆ ಹುರುಳಿ, ಹೆಸರು, ಮೊಟ್ಟೆ, ಮೊಸರು ಯಾವುದಾದರೂ ಇರಲಿ. ಉಳಿದ ಜಾಗಕ್ಕೆ ಅನ್ನ. ಮುದ್ದೆ ತಿಂದರೆ ತೂಕ ಇಳಿಯುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ತೂಗಿ ನೋಡಿದರೆ ರಾಗಿಹಿಟ್ಟಿನ ಕ್ಯಾಲೊರಿ ಅಕ್ಕಿಗಿಂತ ತುಂಬ ಕಡಿಮೆಯೇನಿಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಹಾಗಾಗಿ ಬೇಗ ಹಸಿವಾಗುವುದಿಲ್ಲ. ಒಂದು ಮುದ್ದೆ ತಿಂದು, ಅದರ ಮೇಲೆ ಎಂದಿನಷ್ಟೇ ಅನ್ನವನ್ನೂ ಉಂಡರೆ ಏನು ಪ್ರಯೋಜನ?

ಊಟ ಒಂದು ದಾರಿಗೆ ಬಂದ ಮೇಲೆ ನಡಿಗೆ ಸೇರಿಸಿ. ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಸಾಕು. ಹತ್ತು ನಿಮಿಷದಿಂದಲೇ ಶುರು ಮಾಡಿದರೂ ಸರಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. 70 ಕೆ.ಜಿ. ತೂಕದವರು ಅರ್ಧ ಗಂಟೆ ಹಾಗೆ ನಡೆದರೆ ಸುಮಾರು 140 ಕ್ಯಾಲೊರಿ ಕರಗುತ್ತದೆ. ಪಾರ್ಕಿನಿಂದ ನೇರ ದರ್ಶಿನಿಗೆ ಹೋಗಿ ವಡೆ ತಿಂದರೆ ಅದು ಅಲ್ಲೇ ಚುಕ್ತಾ.

ಊಟ ಕಮ್ಮಿ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದಕ್ಕೇ ವಾರಕ್ಕೆ ಎರಡು ದಿನ ಮೈಗೆ ಬಲ ಕೊಡುವ ಕಸರತ್ತು ಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ಗೋಡೆಗೆ ಕೈ ಕೊಟ್ಟು ಬಾಗಿ ತಳ್ಳಿ. ಮಂಡಿ ನೋವಿದ್ದರೆ ಎತ್ತರದ ಕುರ್ಚಿ ಇಟ್ಟುಕೊಳ್ಳಿ.

ವಾರಕ್ಕೊಮ್ಮೆ ಮಾತ್ರ ತೂಕ ನೋಡಿ. ಮೊದಲ ವಾರ ಜಾಸ್ತಿ ಇಳಿದರೆ ಹಿಗ್ಗಬೇಡಿ, ಅದರಲ್ಲಿ ಹೆಚ್ಚಿನದು ನೀರು. ಆಮೇಲೆ ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಚೆನ್ನಾಗಿಯೇ ನಡೆದಿದೆ. ಮೂರು ವಾರವಾದರೂ ಮುಳ್ಳು ಅಲುಗದಿದ್ದರೆ, ಸಂಜೆ ಸುಮ್ನೆ ಬಾಯಾಡಿಸುವ ಖಾರ, ಬಿಸ್ಕತ್ತು ಎಲ್ಲವನ್ನೂ ನಾಲ್ಕು ದಿನ ಬರೆದಿಟ್ಟು ನೋಡಿ. ಅಲ್ಲೂ ಏನೂ ಸಿಗದಿದ್ದರೆ ಡಾಕ್ಟರ ಹತ್ತಿರ ಹೋಗಿ, ಥೈರಾಯ್ಡ್ ಪರೀಕ್ಷೆ ಬೇಕಾ ಎಂದು ಕೇಳಿ.